ಕೈ ಹೋದ ಜಾಗದಲ್ಲೇ ಹುಡುಕಿ

ಮನೆಯಲ್ಲೇ ಏರ್ ಫಿಲ್ಟರ್ ಬಿಚ್ಚಿ ಧೂಳು ಕೊಡವಿಕೊಳ್ಳುವವರು, ಆಯಿಲ್ ಬದಲಿಸಿಕೊಳ್ಳುವವರು ನನ್ನ ಗ್ಯಾರೇಜಿಗೆ ಬಂದರೆ ನನಗೆ ಸಂತೋಷವೇ. ತಾವೇ ಮುಟ್ಟಿ ನೋಡಿಕೊಳ್ಳುವವರ ಗಾಡಿ ಹೆಚ್ಚು ಕಾಲ ಬಾಳುತ್ತದೆ ಅನ್ನುವುದು ತುಮಕೂರಿನಲ್ಲಿ ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಕಂಡುಕೊಂಡದ್ದು. ಆದರೆ ಅವರಲ್ಲಿ ಅನೇಕರು ಗಾಬರಿಯಾಗಿಯೇ ಬರುತ್ತಾರೆ. ಕೆಲಸ ಮುಗಿಸಿ ಸ್ಟಾರ್ಟ್ ಮಾಡಿದರೆ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿರುತ್ತದೆ, ಆರುವುದೇ ಇಲ್ಲ. ಅಷ್ಟರಲ್ಲಿ ಯಾರೋ "ಸೆನ್ಸರ್ ಹೋಗಿದೆ" ಅಂದಿರುತ್ತಾರೆ. ಹೊಸ ಸೆನ್ಸರಿಗೆ ದುಡ್ಡು ಹೊಂದಿಸುವ ಮೊದಲು ನಿಮ್ಮ ಕೈ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ಇನ್ನೊಮ್ಮೆ ಕೈಯಾಡಿಸಿ. ನಿನ್ನೆ ಸರಿಯಿದ್ದ ಗಾಡಿ ಇವತ್ತು ಬಾನೆಟ್ ಎತ್ತಿದ ಮೇಲೆ ದೀಪ ತೋರಿಸಿದರೆ, ತೊಂದರೆ ಬಹುಪಾಲು ಅಲ್ಲೇ ಇರುತ್ತದೆ.

ಹೋದ ಬೇಸಿಗೆಯಲ್ಲಿ ಗುಬ್ಬಿ ಕಡೆಯ ಮೇಷ್ಟ್ರೊಬ್ಬರು ಡೀಸೆಲ್ ಕಾರು ತಂದರು. "ಅಣ್ಣಾ, ಫಿಲ್ಟರ್ ಕ್ಲೀನ್ ಮಾಡಿದ್ದಷ್ಟೇ, ಬೇರೆ ಏನೂ ಮುಟ್ಟಿಲ್ಲ. ಪಿಕಪ್ಪೇ ಇಲ್ಲ, ಚೆಕ್ ಲೈಟ್ ಬಂದಿದೆ" ಅಂದರು.

"ಸ್ಕ್ಯಾನರ್ ಹಾಕಿ ನೋಡಾಣ ಇರಿ ಮೇಷ್ಟ್ರೇ" ಅಂದೆ.

ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಎರಡು ಕೋಡ್ ಬಂದವು: ಪಿ0102, ಪಿ0113. ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರಿನ ಸಿಗ್ನಲ್ ತೀರಾ ಕಡಿಮೆ ಎಂದು ಮೊದಲನೆಯದರ ಅರ್ಥ. ಆ ಗಾಳಿ ಎಷ್ಟು ಬಿಸಿಯಿದೆ ಎಂದು ನೋಡುವ ಸೆನ್ಸರಿನ ಸಿಗ್ನಲ್ ತೀರಾ ಹೆಚ್ಚು ಎಂದು ಎರಡನೆಯದರ ಅರ್ಥ. ಎರಡು ಸೆನ್ಸರ್ ಒಂದೇ ದಿನ ಕೆಡುವುದು ಬಲು ಅಪರೂಪ. ಆ ಕಾರಿನಲ್ಲಿ ಎರಡೂ ಒಂದೇ ಗೂಡಿನಲ್ಲಿವೆ, ಎರಡಕ್ಕೂ ಸೇರಿ ಒಂದೇ ಕಪ್ಲರ್. ಗಾಳಿಯ ಬಿಸಿ ಎಷ್ಟೆಂದು ಸ್ಕ್ಯಾನರಿನಲ್ಲಿ ನೋಡಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ತುಮಕೂರಿನಲ್ಲಿ, ಮೈನಸ್ 40 ಡಿಗ್ರಿ!

ಆ ಸೆನ್ಸರ್ ತಣ್ಣಗಾದಷ್ಟೂ ಕರೆಂಟನ್ನು ಹೆಚ್ಚೆಚ್ಚು ತಡೆಯುತ್ತದೆ. ವೈರ್ ತುಂಡಾದರೆ, ಕಪ್ಲರ್ ಬಿಟ್ಟುಕೊಂಡರೆ, ಕರೆಂಟು ಹರಿಯುವುದೇ ಇಲ್ಲ. ಎಂಜಿನ್ ಕಂಪ್ಯೂಟರ್ ಅದನ್ನು ವಿಪರೀತ ಚಳಿಯೆಂದು ತಿಳಿದು ತನ್ನ ಲೆಕ್ಕದ ಕಟ್ಟಕಡೆಯ ಅಂಕಿಯನ್ನು ತೋರಿಸುತ್ತದೆ. ಹಾಗಾಗಿ ಮೈನಸ್ 40 ಕಂಡರೆ ನಾನು ಸೆನ್ಸರನ್ನು ಬೈಯುವುದಿಲ್ಲ, ವೈರಿನ ಜಾಡು ಹಿಡಿಯುತ್ತೇನೆ. ಮೇಷ್ಟ್ರ ಕಾರಿನಲ್ಲಿ ಕಪ್ಲರ್ ಸರಿಯಾಗಿ ಕೂತಂತೆಯೇ ಕಾಣುತ್ತಿತ್ತು. ಕೀ ಆಫ್ ಮಾಡಿ ಹೆಬ್ಬೆರಳಲ್ಲಿ ಒತ್ತಿದೆ. ಅಕ್ಕಿಕಾಳಿನಷ್ಟು ಒಳಗೆ ಸರಿದು ಟಕ್ ಅಂದಿತು. ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆಯಲು ಅದನ್ನು ಕಳಚಿ ಮತ್ತೆ ಹಾಕಿದ್ದರು, ಲಾಕ್ ಬಿದ್ದಿರಲಿಲ್ಲ. ಮತ್ತೆ ಕೀ ಆನ್ ಮಾಡಿದರೆ 41 ಡಿಗ್ರಿ.

ಪೆಟ್ರೋಲ್ ಗಾಡಿಯಲ್ಲಿ ಇದೇ ಕೆಲಸದ ನಂತರ ಪಿ0171 ಬಂದರೆ, ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದಾಗಿದೆ ಎಂದರ್ಥ. ಮೊದಲು ಹೋಸ್ ಕ್ಲಿಪ್ ಸಡಿಲವಾಗಿದೆಯೇ, ಸಣ್ಣ ವ್ಯಾಕ್ಯೂಮ್ ಪೈಪ್ ಕಳಚಿದೆಯೇ ನೋಡಿ.

ಕೋಡಿನಲ್ಲಿ ಪಿ ಆದಮೇಲೆ ಸೊನ್ನೆ ಇದ್ದರೆ ಎಲ್ಲ ಕಂಪನಿಯ ಗಾಡಿಗೂ ಅರ್ಥ ಒಂದೇ. ಒಂದು ಇದ್ದರೆ ಅದು ಆಯಾ ಕಂಪನಿಯ ಸ್ವಂತ ಕೋಡ್. ಇಂಥ ಕೋಡ್ ಕೊಡುವ ಒಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ 1996ರಿಂದ ಕಡ್ಡಾಯ. ನಮ್ಮಲ್ಲಿ ಬಿಎಸ್-4 ಕಾರುಗಳಿಗೆ 2013ರ ಏಪ್ರಿಲ್‌ನಿಂದ ಬಂತು. ಮೊಬೈಲಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಒಂದನ್ನು ಇಟ್ಟುಕೊಳ್ಳಿ ಎಂದು ಸ್ವಂತ ಕೆಲಸ ಮಾಡಿಕೊಳ್ಳುವ ಎಲ್ಲರಿಗೂ ಹೇಳುತ್ತೇನೆ. ಆದರೆ ಕೋಡನ್ನು ಬರೆದುಕೊಳ್ಳದೆ ಅಳಿಸಬೇಡಿ. ಬ್ಯಾಟರಿ ಟರ್ಮಿನಲ್ ಕಿತ್ತು ದೀಪ ಆರಿಸುವುದನ್ನಂತೂ ದಯವಿಟ್ಟು ಬಿಡಿ. ತೊಂದರೆ ಹುಟ್ಟಿದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು ಎಂದು ಕಂಪ್ಯೂಟರ್ ದಾಖಲಿಸಿಟ್ಟಿರುತ್ತದೆ. ಅದೂ ಅಳಿಸಿಹೋದರೆ ನಮ್ಮಂಥವರಿಗೆ ಹಿಡಿದು ನಡೆಯಲು ದಾರಿಯೇ ಇರುವುದಿಲ್ಲ. ತೊಂದರೆ ನಿಜಕ್ಕೂ ಸರಿಹೋಗಿದ್ದರೆ ಸಾಮಾನ್ಯವಾಗಿ ಮೂರು ಸಲ ಗಾಡಿ ಓಡುವಷ್ಟರಲ್ಲಿ ದೀಪ ತಾನೇ ಆರುತ್ತದೆ.

ಬ್ಯಾಟರಿ ಬದಲಿಸಿದ ಮೇಲೆ ಸ್ಟಿಯರಿಂಗ್ ದೀಪ ಬಂದರೆ ಹೆದರುವುದು ಬೇಡ. ಎಷ್ಟೋ ಗಾಡಿಗಳಲ್ಲಿ ಸ್ಟಿಯರಿಂಗ್ ಚಕ್ರವನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಸ್ವಲ್ಪ ದೂರ ಓಡಿಸಿದರೆ ಹೋಗುತ್ತದೆ.

ಎಂಜಿನ್ ಚಿತ್ರದ ಹಳದಿ ದೀಪ ನಿಂತು ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿನವರೆಗೆ ಬರಬಹುದು. ಮಿನುಗುತ್ತಿದ್ದರೆ ಓಡಿಸಬೇಡಿ. ಸ್ಪಾರ್ಕ್ ಪ್ಲಗ್ ಬದಲಿಸಿದ ಮೇಲೆ ಹೀಗಾದರೆ, ಒಂದು ಸಿಲಿಂಡರ್ ಉರಿಯುತ್ತಿಲ್ಲ, ಕಾಯಿಲಿನ ಕಪ್ಲರ್ ಕೂತಿಲ್ಲ ಎಂದೇ ಮೊದಲು ಅನುಮಾನಿಸಿ. ಉರಿಯದ ಪೆಟ್ರೋಲ್ ಹೊಗೆ ಪೈಪಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಟ್ಟುಹಾಕುತ್ತದೆ, ಅದು ದುಬಾರಿ ಬಾಬತ್ತು.

ಕೆಂಪು ಆಯಿಲ್ ದೀಪದ ಮಾತೇ ಬೇರೆ. ಆಯಿಲ್ ಬದಲಿಸಿದ ಮೇಲೆ ಹೊಸ ಆಯಿಲ್ ಫಿಲ್ಟರ್ ತುಂಬಿಕೊಳ್ಳುವವರೆಗೆ ಒಂದೆರಡು ಕ್ಷಣ ಉರಿಯಬಹುದು. ಆಮೇಲೂ ಆರದಿದ್ದರೆ, ಓಡಿಸುವಾಗ ಮತ್ತೆ ಬಂದರೆ, ಆ ಕ್ಷಣವೇ ಎಂಜಿನ್ ಆಫ್ ಮಾಡಿ. ಆಯಿಲಿನ ಒತ್ತಡ ಬೀಳುತ್ತಿದೆ ಎಂದರ್ಥ. ಒಂದೆರಡು ನಿಮಿಷ ಓಡಿದರೂ ಬೇರಿಂಗ್ ತಿನ್ನುತ್ತದೆ. ಬಗ್ಗಿ ಫಿಲ್ಟರ್ ಸುತ್ತ ನೋಡಿ. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೇ ಹೊಸದನ್ನು ಕೂರಿಸಿದ್ದರೆ ಆಯಿಲ್ ಅಲ್ಲಿಂದಲೇ ಸುರಿದುಹೋಗುತ್ತದೆ. ಹಳೆಯ ರಿಂಗ್ ಕಿತ್ತು, ಜಾಗ ಒರೆಸಿ, ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ಫಿಲ್ಟರನ್ನು ಕೈಯಲ್ಲೇ ಬಿಗಿ ಮಾಡಿ. ಡಿಪ್‌ಸ್ಟಿಕ್ ನೋಡಿ ಕಡಿಮೆಯಾದಷ್ಟು ಆಯಿಲ್ ತುಂಬಿ, ಆಮೇಲೆ ಸ್ಟಾರ್ಟ್ ಮಾಡಿ.