ಎದ್ದು ಬಂದವನ ಶ್ರುತಿಗೆ

ಕಾಯಿಲೆ ಬಿದ್ದ ಕಲಾವಿದನಿಗಾಗಿ ಸಹಾಯಾರ್ಥ ಪ್ರದರ್ಶನ ಇಡುವುದು ನಮಗೆ ಹೊಸತಲ್ಲ. ಕಂಪನಿ ನಾಟಕದವರು ಬೆನಿಫಿಟ್ ನಾಟಕ ಆಡುತ್ತಿದ್ದರು. ಕರಾವಳಿಯಲ್ಲಿ ಪಟ್ಲ ಸತೀಶ ಶೆಟ್ಟರು 2015ರಲ್ಲಿ ಯಕ್ಷಧ್ರುವ ಪಟ್ಲ ಫೌಂಡೇಶನ್ ಕಟ್ಟಿದ ಮೇಲೆ ಯಕ್ಷಗಾನದವರ ಕಷ್ಟಕ್ಕೆ ಒಂದು ಸಂಸ್ಥೆಯೇ ನಿಂತಿದೆ. ದುಡ್ಡು ಕೂಡಿಸುವ ದಾರಿ ನಮಗೆ ಗೊತ್ತು. ಅದಕ್ಕಿಂತ ನಾಜೂಕಾದ ಕೆಲಸ ಇನ್ನೊಂದಿದೆ. ಯಾರಿಗಾಗಿ ಅಷ್ಟು ಜನ ಸೇರಿದ್ದಾರೋ ಅವನನ್ನು ಅದೇ ರಾತ್ರಿ, ಅದೇ ವೇದಿಕೆಗೆ ತರಬೇಕು. ಹಾರ ಹಾಕಿ ಕೂರಿಸುವುದಕ್ಕಲ್ಲ, ಹಾಡಿಸುವುದಕ್ಕೆ. ಈ ವಿದ್ಯೆಯನ್ನು ರಾಕ್ ಸಂಗೀತದವರು ಬಹಳ ಚೆನ್ನಾಗಿ ಬೆಳೆಸಿಕೊಂಡಿದ್ದಾರೆ.

ರಾನಿ ಲೇನ್ ಎಂಬ ಬೇಸ್ ಗಿಟಾರ್ ವಾದಕರಿದ್ದರು. ಲಂಡನ್ನಿನವರು, ಮೊದಲು ಸ್ಮಾಲ್ ಫೇಸಸ್, ಆಮೇಲೆ ಫೇಸಸ್ ತಂಡದಲ್ಲಿದ್ದವರು. 1973ರಲ್ಲಿ ಆ ಖ್ಯಾತಿಯನ್ನೆಲ್ಲ ಬಿಟ್ಟು ಹಳ್ಳಿ ಸೇರಿದರು. ಮರುವರ್ಷ ಸರ್ಕಸ್ ಡೇರೆ ಕಟ್ಟಿಕೊಂಡು ಊರೂರು ಅಲೆದು ಹಾಡಿದರು, ಕೈ ಸುಟ್ಟುಕೊಂಡರು. ಆ ಹುಚ್ಚಿಗೇ ಅವರನ್ನು ಪ್ರೀತಿಸುವ ಒಂದು ಸಣ್ಣ, ನಿಷ್ಠಾವಂತ ಬಳಗ ಇಂದಿಗೂ ಇದೆ. ಮುಂದೆ ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂತು. ನರಗಳ ಹೊದಿಕೆ ಸವೆದು ಕೈಕಾಲು ಮಾತು ಕೇಳದಂತಾಗುವ ಕಾಯಿಲೆ ಅದು. 1983ರ ಸೆಪ್ಟೆಂಬರ್ 20ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಆ ಕಾಯಿಲೆಯ ಸಂಶೋಧನೆಗೆಂದು ಗೆಳೆಯರು ಕಛೇರಿ ಇಟ್ಟರು. ಎರಿಕ್ ಕ್ಲಾಪ್ಟನ್, ಜೆಫ್ ಬೆಕ್, ಜಿಮ್ಮಿ ಪೇಜ್ ಮೂವರೂ ಒಂದೇ ವೇದಿಕೆಯಲ್ಲಿ ನಿಂತದ್ದು ಅದೇ ಮೊದಲು. ಗೆಳೆಯ ಡ್ರಮ್ಮರ್ ಜಾನ್ ಬಾನಮ್ 1980ರಲ್ಲಿ ತೀರಿಕೊಂಡ ಮೇಲೆ ವೇದಿಕೆಯಿಂದ ಬಹುಮಟ್ಟಿಗೆ ದೂರವಾಗಿದ್ದ ಪೇಜ್‌ಗೂ ಅದು ಮರಳಿ ಬಂದ ರಾತ್ರಿಯೇ ಆಯಿತು. ಕೊನೆಯಲ್ಲಿ ಲೇನ್ ಬಂದು ಹಾಡಿದರು. ಅಷ್ಟು ಘಟಾನುಘಟಿಗಳ ನಂತರ ನಿಲ್ಲಲಾರದ ಒಬ್ಬರು ಹಾಡಿ ಗೆಲ್ಲಬೇಕಾದರೆ ಹಿಂದೆ ಎಷ್ಟು ಜನರ ಕೈಚಳಕ ಇರಬೇಕು!

ಮೊದಲನೆಯದು ತಂಡ. ನಾಲ್ಕೈದು ಬ್ಯಾಂಡ್‌ಗಳನ್ನು ಕರೆದು ಒಂದರ ನಂತರ ಒಂದು ಏರಿಸಿದರೆ ಅರ್ಧ ರಾತ್ರಿ ತಂತಿ ಬಿಚ್ಚಿ ಕಟ್ಟುವುದರಲ್ಲೇ ಹೋಗುತ್ತದೆ. ಬಲ್ಲವರು ಡ್ರಮ್ಸ್, ಬೇಸ್, ಕೀಬೋರ್ಡಿನವರನ್ನು ಇಡೀ ರಾತ್ರಿ ಕದಲಿಸುವುದಿಲ್ಲ. ಗಾಯಕರು, ಗಿಟಾರಿನವರು ಮಾತ್ರ ಬಂದು ಹೋಗುತ್ತಾರೆ. ಡ್ರಮ್ಮರ್ ಬದಲಾದರೂ ದೊಡ್ಡ ಡ್ರಮ್ಮುಗಳು ಇದ್ದಲ್ಲೇ ಇರುತ್ತವೆ. ಬಂದವನು ತನ್ನ ಸ್ನೇರ್, ತಾಳದ ತಟ್ಟೆಗಳು, ಪೆಡಲ್ ಇಷ್ಟೇ ತರುತ್ತಾನೆ. ಹೀಗೆ ಉಳಿಸಿದ ಹೊತ್ತು ಕಾಯಿಲೆಯಿಂದ ಎದ್ದವನ ಪಾಲಿಗೆ ಬರುತ್ತದೆ. ಪರದೆಯ ಹಿಂದೆ ಗಂಟೆಗಟ್ಟಲೆ ಕಾದು ಸುಸ್ತಾಗುವ ಪಾಡು ಅವನಿಗೆ ತಪ್ಪುತ್ತದೆ.

ಎರಡನೆಯದು ಶ್ರುತಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಮೂವತ್ತು ವರ್ಷ ಹಾಡಿದ ಹಾಡು, ಈಗ ಮೇಲಿನ ಸ್ವರ ಹತ್ತುವುದಿಲ್ಲ. ಅರ್ಧ ಮನೆಯೋ ಒಂದು ಮನೆಯೋ ಇಳಿಸಬೇಕು. ಬೆರಳ ಪಟ್ಟು ಬದಲಿಸಿ ಇಳಿಸಬಹುದು, ಆದರೆ ಮೂವತ್ತು ವರ್ಷದ ಅಭ್ಯಾಸವನ್ನು ಕೈ ಮರೆಯಬೇಕಾಗುತ್ತದೆ. ದಣಿದ ದೇಹಕ್ಕೆ ಅದು ದೊಡ್ಡ ಹೊರೆ. ಅದಕ್ಕಾಗಿ ಎಲ್ಲ ಗಿಟಾರುಗಳ ತಂತಿಯನ್ನೇ ಸಡಿಲಿಸುತ್ತಾರೆ, ಕೀಬೋರ್ಡಿನವನು ಒಂದು ಗುಂಡಿ ಒತ್ತುತ್ತಾನೆ. ಬೆರಳು ಹಳೆಯ ಜಾಗದಲ್ಲೇ ಓಡಾಡುತ್ತದೆ, ಖಾಲಿ ತಂತಿಯ ಝೇಂಕಾರವೂ ಹಾಗೇ ಉಳಿಯುತ್ತದೆ. ಬಿಗಿ ಕಡಿಮೆಯಾದ್ದರಿಂದ ಒತ್ತುವುದೂ ಹಗುರ. ತೀರಾ ಸಡಿಲಿಸಿದರೆ ತಂತಿ ಅದುರಿ ಕರಕರ ಎನ್ನುತ್ತದೆ. ಆ ಗೆರೆ ಎಲ್ಲಿದೆಯೆಂದು ಕಿವಿಯೇ ಹೇಳಬೇಕು.

ಬ್ಲ್ಯಾಕ್ ಸಬ್ಬತ್‌ನ ಟೋನಿ ಐಯೊಮಿಯ ಕಥೆ ಇಲ್ಲಿ ನೆನಪಾಗುತ್ತದೆ. ಹದಿಹರೆಯದಲ್ಲಿ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯೊಂದರಲ್ಲಿ ಬಲಗೈಯ ಎರಡು ಬೆರಳ ತುದಿ ಹೋದವು. ಎಡಗೈಯಲ್ಲಿ ಮೀಟುವವರಾದ್ದರಿಂದ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿದರು, ಬ್ಯಾಂಜೋದ ತೆಳು ತಂತಿ ಹಾಕಿದರು. 1971ರ ಆಲ್ಬಮ್ಮಿನ ಹೊತ್ತಿಗೆ ಶ್ರುತಿಯನ್ನು ಅರ್ಧರ್ಧವಾಗಿ ಮೂರು ಮೆಟ್ಟಿಲು ಇಳಿಸಿದ್ದರು. ಹೆವಿ ಮೆಟಲ್ಲಿನ ಆ ಭಾರವಾದ ನಾದದಲ್ಲಿ ಗಾಯಗೊಂಡ ಎರಡು ಬೆರಳುಗಳ ಪಾಲೂ ಇದೆ.

ಉಸಿರಿನದು ಇನ್ನೂ ಸೂಕ್ಷ್ಮ. ಗಾಯಕನಿಗೆ ದಮ್ಮಿಲ್ಲ, ಲಯ ನಿಧಾನ ಮಾಡೋಣ ಎನ್ನುವುದು ಎಲ್ಲರಿಗೂ ತೋಚುವ ಉಪಾಯ. ಅದು ಕೆಡುಕೇ. ಲಯ ನಿಧಾನವಾದಷ್ಟೂ ಸಾಲು ಉದ್ದವಾಗುತ್ತದೆ, ಒಂದೇ ಉಸಿರಿನಲ್ಲಿ ಇನ್ನಷ್ಟು ಹೊತ್ತು ಎಳೆಯಬೇಕಾಗುತ್ತದೆ. ಪಳಗಿದ ತಂಡ ಲಯವನ್ನು ಮುಟ್ಟುವುದಿಲ್ಲ; ಸಾಲು ಸಾಲಿನ ನಡುವೆ ಎರಡು ಆವರ್ತ ಗಿಟಾರ್ ನುಡಿಸಿ ಬಿಡುವು ಕೊಡುತ್ತದೆ. ಹಿಂದೆ ಇನ್ನೊಬ್ಬ ಗಾಯಕ ಮೈಕಿನಿಂದ ಅರ್ಧ ಹೆಜ್ಜೆ ದೂರ ನಿಂತಿರುತ್ತಾನೆ. ಇವನ ದನಿ ಸಾಲಿನ ತುದಿಯಲ್ಲಿ ಜಾರಿದರೆ ಅವನು ಎತ್ತಿಕೊಳ್ಳುತ್ತಾನೆ, ಮತ್ತೆ ಹಿಂದೆ ಸರಿಯುತ್ತಾನೆ. ವಯಸ್ಸಾದ ವಿದ್ವಾಂಸರ ಹಿಂದೆ ಕೂತ ಶಿಷ್ಯರು ಹೀಗೆ ಮಾಡುವುದನ್ನು ನಮ್ಮ ರಾಮನವಮಿ ಪೆಂಡಾಲಿನಲ್ಲಿ ಕೇಳಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಸೌಂಡಿನವನು ಗಾಯಕನ ಕಾಲ ಬಳಿಯ ಮಾನಿಟರಿಗೆ ಅವನದೇ ದನಿಯನ್ನು ಧಾರಾಳವಾಗಿ ಬಿಡಬೇಕು. ತನ್ನ ದನಿ ಕೇಳದವನು ಕಿರುಚುತ್ತಾನೆ, ಕಿರುಚಿದರೆ ಎರಡನೇ ಹಾಡಿಗೇ ಗಂಟಲು ಮುಗಿಯಿತು.

ಬೆಂಗಳೂರಿನಲ್ಲಿ ರಾಕ್ ಬೇರುಬಿಟ್ಟದ್ದು ದಂಡಿನ ಕಡೆ. ಸೇನೆಯ ಬ್ಯಾಂಡು, ಆಂಗ್ಲೋ ಇಂಡಿಯನ್ನರ ನೃತ್ಯಕೂಟ, ಚರ್ಚಿನ ಗಾಯನವೃಂದಗಳ ನೆಲವದು. ಅದಕ್ಕೇ ಇಂಥದೊಂದು ಕಛೇರಿ ಅಲ್ಲಿನ ರಸೆಲ್ ಮಾರುಕಟ್ಟೆಯ ಮುಂದಿನ ಚೌಕದಲ್ಲಿ ನಡೆಯಲಿ ಎಂಬುದು ನನ್ನ ಬಹುದಿನದ ಆಸೆ. 1927ರಲ್ಲಿ ಕಟ್ಟಿದ ಈ ಕಟ್ಟಡಕ್ಕೂ ಬಿದ್ದು ಎದ್ದ ಅನುಭವವಿದೆ. 2012ರ ಫೆಬ್ರುವರಿ 25ರ ನಸುಕಿನಲ್ಲಿ ಬೆಂಕಿ ಹತ್ತಿ ಸಾಲು ಸಾಲು ಅಂಗಡಿಗಳು ಸುಟ್ಟವು. ವ್ಯಾಪಾರಿಗಳೇ ಕೈಯಿಂದ ಹಣ ಹಾಕಿ ಮಳಿಗೆ ಎಬ್ಬಿಸಿದರು.

ಆದರೆ ಇಲ್ಲಿ ಹೊತ್ತು ನೋಡಿ ಹೆಜ್ಜೆಯಿಡಬೇಕು. ಒಂದು ಕಡೆ ಸಂತ ಮೇರಿ ಬೆಸಿಲಿಕಾದ ಗಂಟೆ, ಇನ್ನೊಂದು ಕಡೆ ಆಜಾನ್, ಪಕ್ಕದಲ್ಲೇ ಬಸ್ ನಿಲ್ದಾಣ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 8ರವರೆಗೆ ಮೇರಿ ಮಾತೆಯ ಹಬ್ಬವಾದ್ದರಿಂದ ಆ ದಿನಗಳನ್ನು ಕೇಳಲೇಬಾರದು. ಉಳಿದ ದಿನಗಳಲ್ಲಿ ಸಂಜೆಯ ನಮಾಜುಗಳ ಹೊತ್ತಿಗೆ ಬಿಡುವು ಕೊಟ್ಟು ಪಟ್ಟಿ ಬರೆಯಬೇಕು. ಬಿಡುವಿನಲ್ಲಿ ಖರ್ಚೆಷ್ಟು, ಕೂಡಿದ್ದೆಷ್ಟು ಎಂಬ ಲೆಕ್ಕವನ್ನು ಮೈಕಿಲ್ಲದೆ ಬೋರ್ಡಿನ ಮೇಲೆ ಬರೆದು ನಿಲ್ಲಿಸಿದರೆ ಸಾಕು. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕೆಂದು 2000ದ ಶಬ್ದಮಾಲಿನ್ಯ ನಿಯಮವಿದೆ. ಹಾಗಾಗಿ ನಮ್ಮವನನ್ನು 9 ಗಂಟೆಗೇ ಏರಿಸಬೇಕು. ಮೂರು ಹಾಡು ಗೊತ್ತುಮಾಡಿಕೊಂಡು, ನಾಲ್ಕನೆಯದಕ್ಕೂ ತಂಡ ತಯಾರಿರಬೇಕು. ಗಂಟಲು ತೆರೆದುಕೊಂಡು ಅವನಿಗೆ ಇನ್ನೊಂದು ಹಾಡಬೇಕೆನಿಸಿದರೆ ಗಡಿಯಾರ ಅಡ್ಡ ಬರಬಾರದು.