ಗಾಡಿ ಎಷ್ಟು ಬೇಕು?

ಪಿಂಪ್ರಿ, ಚಾಕಣಗಳ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕನ್ನಡ ಬಂಧುಗಳು ಅನೇಕರು. ಉಗ್ರಾಣದಿಂದ ಯಂತ್ರದ ಬಳಿಗೆ ಮಾಲು ಸಾಗಿಸಲು ಎಷ್ಟು ಗಾಡಿ ಬೇಕೆಂಬ ಪ್ರಶ್ನೆ ಅವರಿಗೆ ಹೊಸದಲ್ಲ. ಗಿರಣಿಯ ಗುಮಾಸ್ತರಾದ ನಾವೂ ಆ ಲೆಕ್ಕ ಬರೆದವರೇ.

ಗಂಟೆಗೆ 18 ಹೊರೆ. ಒಂದನ್ನು ಮುಟ್ಟಿಸಿ ಬರಲು 6 ನಿಮಿಷ. ಒಟ್ಟು 108 ನಿಮಿಷ. ಎರಡು ಗಾಡಿಗಳಿಗೆ 120 ನಿಮಿಷ ಉಂಟಷ್ಟೆ. ‘ಎರಡೇ ಸಾಕು’ ಎಂದು ಬರೆದೆವು. ಆದರೆ ಮಾಲು ಸರಾಸರಿ ನೋಡಿಕೊಂಡು ಬರುವುದಿಲ್ಲ. ಒಮ್ಮೆ ನಾಲ್ಕು ಹೊರೆ ಬೆನ್ನುಬೆನ್ನಿಗೆ ಬರುತ್ತವೆ, ಒಮ್ಮೆ ಒಂದೂ ಇಲ್ಲ. ಯಂತ್ರ ಕಾದು ನಿಂತಿತು. ಬೈಗುಳ ಗಾಡಿಯವನ ಪಾಲಿಗೆ ಬಂತು. ತಪ್ಪು ನಮ್ಮ ಲೆಕ್ಕದ್ದು.

ಇದಕ್ಕೆ ಉಪಾಯ ಸಿಮ್ಯುಲೇಷನ್. ಎಂದರೆ ಗಾಡಿ ಕೊಳ್ಳುವ ಮೊದಲೇ ಕಾಗದದ ಮೇಲೆ ಓಡಿಸಿ ನೋಡುವುದು. ಡಬ್ಬಿಯಲ್ಲಿ 10 ಚೀಟಿ ಹಾಕಿ, 3ಕ್ಕೆ ಗುರುತು ಮಾಡಿರಿ. ನಿಮಿಷಕ್ಕೊಂದರಂತೆ ಎತ್ತಿ ನೋಡಿ, ಮರಳಿ ಹಾಕಿರಿ. ಗುರುತಿನ ಚೀಟಿ ಬಂದರೆ ಒಂದು ಹೊರೆ ಬಂದಂತೆ. ಚೌಕಾಬಾರದ ಕಾಯಿಗಳೇ ಗಾಡಿಗಳು. ಹೊರಟ ಕಾಯಿ 6 ನಿಮಿಷ ಮರಳದು. ಹೊರೆ ಕಾದ ನಿಮಿಷಗಳನ್ನು ಬರೆದಿಡಿರಿ. ಮೊದಲು ಎರಡು ಕಾಯಿ, ಬಳಿಕ ಮೂರು ಕಾಯಿಯಿಂದ ಆಡಿ ಹೋಲಿಸಿರಿ.

1946ರಲ್ಲಿ ಗಣಿತಜ್ಞ ಉಲಾಂ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಇಸ್ಪೀಟು ಆಡುವಾಗ ಹೊಳೆದದ್ದೂ ಇಂಥದೇ ದಾರಿ. 1961ರಲ್ಲಿ ಐ.ಬಿ.ಎಂ.ನ ಜೆಫ್ರಿ ಗಾರ್ಡನ್ ಇಂಥ ಕೆಲಸಕ್ಕೆಂದೇ ಒಂದು ಕಂಪ್ಯೂಟರ್ ಭಾಷೆಯನ್ನು ಹೊರತಂದರು. ಇಂದು ಕಂಪ್ಯೂಟರು ನೂರಾರು ದಿನಗಳ ಓಡಾಟವನ್ನು ಕ್ಷಣದಲ್ಲಿ ತೋರಿಸುತ್ತದೆ. ಇಕ್ಕಟ್ಟಾದ ಹಾದಿಯಲ್ಲಿ ಗಾಡಿ ಹೆಚ್ಚಾದರೂ ಒಂದನ್ನೊಂದು ತಡೆಯುವುದನ್ನು ಸಹ.

ಆದರೆ ಆ 6 ನಿಮಿಷ ನಿಜವೇ? ಮೇಜಿನ ಬಳಿ ಕುಳಿತು ಊಹಿಸಬಾರದು. ಗಾಡಿಯವನ ಜೊತೆ ನಡೆದು ಅಳೆಯಬೇಕು.