ವಿಳಾಸ ಪ್ರಿನ್ಸ್‌ಟನ್, ಊರು ಬೇರೆ: ನ್ಯೂಜೆರ್ಸಿಯಲ್ಲಿ ಕಾಂಡೊ ಆರಿಸುವ ಬಗೆ

ಅಮೆರಿಕದ ನ್ಯೂಜೆರ್ಸಿ ಪುಟ್ಟ ರಾಜ್ಯ. ಆದರೂ ಅದರೊಳಗೆ 564 ಸ್ಥಳೀಯ ಆಡಳಿತಗಳಿವೆ. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ನಡುವೆ ಹಾದುಹೋಗುವ ರೂಟ್ 1 ಹೆದ್ದಾರಿಯ ಅಕ್ಕಪಕ್ಕದಲ್ಲಿ 1980ರ ದಶಕದಲ್ಲಿ ಕಚೇರಿಗಳು ಎದ್ದವು, ಅವುಗಳ ಬೆನ್ನಿಗೇ ಕಾಂಡೊ ಸಮುಚ್ಚಯಗಳೂ ಬಂದವು. ಎಡಿಸನ್, ಸೌತ್ ಬ್ರನ್ಸ್‌ವಿಕ್, ಪ್ಲೇನ್ಸ್‌ಬರೊ, ವೆಸ್ಟ್ ವಿಂಡ್ಸರ್ ಊರುಗಳಲ್ಲಿ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ‘ಬೃಂದಾವನ’ ಎಂಬ ಕನ್ನಡ ಕೂಟವಿರುವ ಈ ರಾಜ್ಯದಲ್ಲಿ ಎಷ್ಟೋ ಕನ್ನಡ ಕುಟುಂಬಗಳ ಮೊದಲ ಸ್ವಂತ ಮನೆ ಇಂಥ ಕಾಂಡೊ.

ಕಾಂಡೊ ಎಂದರೆ ಬೆಂಗಳೂರಿನವರಿಗೆ ಗೊತ್ತಿರುವ ಫ್ಲ್ಯಾಟಿನ ಏರ್ಪಾಡೇ. ಗೋಡೆಯ ಒಳಗಿನದು ಮಾಲೀಕರದು. ಚಾವಣಿ, ಹೊರಗೋಡೆ, ಮೆಟ್ಟಿಲು, ಒಳರಸ್ತೆ, ಹುಲ್ಲುಹಾಸು ಎಲ್ಲರದು. ಕರ್ನಾಟಕದಲ್ಲಿ ಇದಕ್ಕೆ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇರುವಂತೆ ನ್ಯೂಜೆರ್ಸಿಯಲ್ಲಿ 1969ರ ಕಾಂಡೊಮಿನಿಯಂ ಕಾಯ್ದೆ ಇದೆ. ಹಾಗಾಗಿ ಕಾಂಡೊ ಕೊಂಡವರು ಎರಡು ಆಡಳಿತಗಳ ಕೆಳಗೆ ಬರುತ್ತಾರೆ. ಒಂದು ಊರಿನದು, ಇನ್ನೊಂದು ಅಸೋಸಿಯೇಷನ್ನಿನದು. ಮನೆ ನೋಡಲು ಹೋದವರ ಕಣ್ಣು ಅಡುಗೆಮನೆಯ ಗ್ರಾನೈಟಿನ ಮೇಲೆ ನಿಲ್ಲುತ್ತದೆ. ಮುಂದಿನ ಹತ್ತಾರು ವರ್ಷದ ಖರ್ಚನ್ನೂ ನೆಮ್ಮದಿಯನ್ನೂ ನಿರ್ಧರಿಸುವುದು ಮಾತ್ರ ಈ ಎರಡು ಆಡಳಿತಗಳೇ.

ಮೊದಲ ಗೊಂದಲ ಊರಿನ ಹೆಸರಿನದು. ಅಂಚೆ ಇಲಾಖೆಯ ಗಡಿಗೂ ಊರಿನ ಗಡಿಗೂ ತಾಳೆಯಾಗುವುದಿಲ್ಲ. ವೆಸ್ಟ್ ವಿಂಡ್ಸರಿನ ‘ಕೆನಾಲ್ ಪಾಯಿಂಟ್’ ಸಮುಚ್ಚಯದ ಅಂಚೆ ವಿಳಾಸ ಪ್ರಿನ್ಸ್‌ಟನ್. ಪಕ್ಕದ ಪ್ಲೇನ್ಸ್‌ಬರೊದಲ್ಲೂ ಪ್ರಿನ್ಸ್‌ಟನ್ ಎಂದೇ ಬರೆಯುವ ಮನೆಗಳಿವೆ. ವಿಳಾಸ ಯಾವುದೇ ಇರಲಿ, ತೆರಿಗೆ ಕಟ್ಟಬೇಕಾದದ್ದು ಮನೆ ನಿಂತ ಊರಿಗೆ, ಮಕ್ಕಳ ಶಾಲೆಯನ್ನು ಗೊತ್ತುಮಾಡುವುದೂ ಆ ಊರೇ. ಮಾರಾಟದ ಜಾಹೀರಾತಿನ ಬದಲು ತೆರಿಗೆ ಬಿಲ್ಲಿನ ಮೇಲಿರುವ ಊರಿನ ಹೆಸರನ್ನು ನಂಬುವುದು ಒಳ್ಳೆಯದು.

ಆಸ್ತಿ ತೆರಿಗೆಯಲ್ಲಿ ನ್ಯೂಜೆರ್ಸಿ ದೇಶದಲ್ಲೇ ದುಬಾರಿ. ಒಂದು ಮನೆಯ ಸರಾಸರಿ ವಾರ್ಷಿಕ ಬಿಲ್ಲು 2024ರಲ್ಲಿ 10,000 ಡಾಲರ್ ದಾಟಿತು. ಅದರಲ್ಲಿ ಸುಮಾರು ಅರ್ಧ ಶಾಲೆಗಳಿಗೆ, ಉಳಿದದ್ದು ಊರಿಗೂ ಕೌಂಟಿಗೂ ಹೋಗುತ್ತದೆ. ಎರಡು ಊರುಗಳ ತೆರಿಗೆ ದರವನ್ನು ಪಕ್ಕಪಕ್ಕ ಇಟ್ಟು ಕಡಿಮೆಯದನ್ನು ಆರಿಸುವವರು ಎಡವುವುದು ಇಲ್ಲೇ. ಒಂದು ಊರು ಆಸ್ತಿಗಳ ಮೌಲ್ಯವನ್ನು ಹೊಸದಾಗಿ ಅಳೆದಿರುತ್ತದೆ, ಇನ್ನೊಂದು ಹಳೆಯ ಲೆಕ್ಕದಲ್ಲೇ ಇರುತ್ತದೆ. 4 ಲಕ್ಷ ಡಾಲರಿಗೆ ಮಾರಾಟವಾಗುವ ಕಾಂಡೊಗೆ ಒಂದೂರಿನ ದಾಖಲೆಯಲ್ಲಿ 3 ಲಕ್ಷದ ಮೌಲ್ಯ, ದರ ಶೇ 2.5 ಎಂದುಕೊಂಡರೆ ತೆರಿಗೆ 7,500 ಡಾಲರ್. ನೆರೆಯೂರಿನಲ್ಲಿ ಪೂರ್ತಿ 4 ಲಕ್ಷದ ಮೌಲ್ಯ, ದರ ಶೇ 2 ಆದರೆ ತೆರಿಗೆ 8,000. ದರ ಕಡಿಮೆಯಿದ್ದ ಊರಿನಲ್ಲೇ ಬಿಲ್ಲು ಹೆಚ್ಚು. ಅದಕ್ಕೇ ರಾಜ್ಯ ಸರ್ಕಾರ ಮಾರುಕಟ್ಟೆ ಬೆಲೆಗೆ ಹೊಂದಿಸಿದ ಇನ್ನೊಂದು ದರವನ್ನೂ ಪ್ರಕಟಿಸುತ್ತದೆ. ಹೋಲಿಕೆಗೆ ಅದೇ ಸರಿ.

ಶಾಲೆಯ ಗಡಿಯೂ ಊರಿನ ಗಡಿಯೂ ಎಲ್ಲ ಕಡೆ ಒಂದೇ ಅಲ್ಲ. ವೆಸ್ಟ್ ವಿಂಡ್ಸರ್ ಮತ್ತು ಪ್ಲೇನ್ಸ್‌ಬರೊ ಬೇರೆ ಬೇರೆ ಕೌಂಟಿಗೆ ಸೇರಿದ್ದರೂ ಎರಡಕ್ಕೂ ಸೇರಿ ಒಂದೇ ಶಾಲಾ ಜಿಲ್ಲೆ ಇದೆ. ಹೀಗಿರುವಾಗ ಶಾಲೆಗೋಸ್ಕರ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೆಚ್ಚು ಹಣ ಸುರಿಯುವ ಮುನ್ನ ಯೋಚಿಸಬೇಕು. ಎಡಿಸನ್ನಿನಲ್ಲಿ ಇದರ ಉಲ್ಟಾ: ಊರು ಒಂದೇ, ಹೈಸ್ಕೂಲು ಎರಡು, ಯಾವುದಕ್ಕೆ ಎಂಬುದು ಬೀದಿಯ ಮೇಲೆ ನಿಂತಿದೆ. ನ್ಯೂಯಾರ್ಕಿಗೆ ರೈಲಿನಲ್ಲಿ ಓಡಾಡುವವರಿಗೆ ಸ್ಟೇಷನ್ನೂ ಲೆಕ್ಕಕ್ಕೆ ಬರುತ್ತದೆ. ಪ್ರಿನ್ಸ್‌ಟನ್ ಜಂಕ್ಷನ್ ಇರುವುದು ವೆಸ್ಟ್ ವಿಂಡ್ಸರಿನಲ್ಲಿ, ಅಲ್ಲಿ ಆ ಊರಿನವರಿಗೆಂದೇ ಪರ್ಮಿಟ್ ಪಾರ್ಕಿಂಗ್ ಇದೆ. ಪ್ಲೇನ್ಸ್‌ಬರೊದಲ್ಲಿ ಸ್ಟೇಷನ್ ಇಲ್ಲ.

ಎರಡನೆಯ ಆಡಳಿತದ, ಅಂದರೆ ಅಸೋಸಿಯೇಷನ್ನಿನ ಮಾತಿಗೆ ಬಂದರೆ ಮೊದಲು ಕೇಳಿಬರುವುದು ತಿಂಗಳ ಮೇಂಟೆನೆನ್ಸ್. ಶೇ 7ರ ಬಡ್ಡಿಯ 30 ವರ್ಷದ ಸಾಲದಲ್ಲಿ ತಿಂಗಳಿಗೆ 200 ಡಾಲರ್ ಕಂತೆಂದರೆ ಸುಮಾರು 30,000 ಡಾಲರ್ ಅಸಲು. ಮೇಂಟೆನೆನ್ಸ್ 200 ಡಾಲರ್ ಕಡಿಮೆ ಇರುವ ಸಮುಚ್ಚಯದಲ್ಲಿ ಅಷ್ಟು ದುಬಾರಿ ಮನೆಯೂ ಕೈಗೆಟಕುವಂತೆ ಕಾಣುತ್ತದೆ. ಆದರೆ ಕಡಿಮೆ ಮೇಂಟೆನೆನ್ಸ್ ಯಾವಾಗಲೂ ಒಳ್ಳೆಯ ಸುದ್ದಿಯಲ್ಲ. ಬೆಂಗಳೂರಿನವರು ಕಾರ್ಪಸ್ ಫಂಡ್ ಎನ್ನುವ ಮೀಸಲು ನಿಧಿಗೆ ಹಣ ಹಾಕದೆಯೂ ಅದನ್ನು ಕಡಿಮೆ ಇಡಬಹುದು. 200 ಮನೆಗಳ ಸಮುಚ್ಚಯದ ಚಾವಣಿ ಬದಲಿಸಲು 30 ಲಕ್ಷ ಡಾಲರ್ ಬೇಕು, ನಿಧಿಯಲ್ಲಿರುವುದು 6 ಲಕ್ಷ ಎನ್ನೋಣ. ಉಳಿದ 24 ಲಕ್ಷವನ್ನು ಸಮನಾಗಿ ಹಂಚಿದರೆ ಮನೆಗೆ 12,000 ಡಾಲರ್. ನಿನ್ನೆ ಮೊನ್ನೆ ಕೀಲಿಕೈ ಪಡೆದವರಿಗೂ ಇದರಿಂದ ವಿನಾಯಿತಿ ಇಲ್ಲ.

ಫ್ಲಾರಿಡಾದ ಸರ್ಫ್‌ಸೈಡಿನಲ್ಲಿ 2021ರ ಜೂನ್ 24ರಂದು ಕಾಂಡೊ ಕಟ್ಟಡ ಕುಸಿದು 98 ಮಂದಿ ಸತ್ತರು. ದುರಸ್ತಿಯನ್ನು ಮುಂದೂಡುತ್ತ ಹೋಗುವುದರ ಅಪಾಯ ದೇಶದ ಕಣ್ಣಿಗೆ ಬಿದ್ದದ್ದು ಆಗ. ನ್ಯೂಜೆರ್ಸಿ 2024ರ ಜನವರಿಯಲ್ಲಿ ತನ್ನದೇ ಕಾನೂನು ತಂದಿತು. ಬಹುತೇಕ ಅಸೋಸಿಯೇಷನ್ನುಗಳು ಐದು ವರ್ಷಕ್ಕೊಮ್ಮೆಯಾದರೂ ಮೀಸಲು ನಿಧಿಯ ಅಧ್ಯಯನ ಮಾಡಿಸಿ, ಮುಂದಿನ 30 ವರ್ಷದ ಖರ್ಚಿಗೆ ಯೋಜನೆ ಇಟ್ಟುಕೊಳ್ಳಬೇಕು. ಎರಡು ಸಮುಚ್ಚಯಗಳನ್ನು ತೂಗಿ ನೋಡಲು ಈ ವರದಿಗಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ.

ಕಟ್ಟಡದ ವಯಸ್ಸೂ ಮಾತಾಡುತ್ತದೆ. 1980ರ ದಶಕದಲ್ಲಿ ಈ ಭಾಗದ ಸಾಲುಮನೆಗಳ ಚಾವಣಿಗೆ ಬೆಂಕಿ ತಡೆಯುವ ರಾಸಾಯನಿಕ ಹೀರಿಸಿದ ಪ್ಲೈವುಡ್ ಹಾಕುತ್ತಿದ್ದರು. ಬಿಸಿಲಿನ ಕಾವಿಗೆ ಅದು ಕಪ್ಪಾಗಿ ಪುಡಿಯಾಗತೊಡಗಿ, ಎಷ್ಟೋ ಸಮುಚ್ಚಯಗಳು ಚಾವಣಿಯನ್ನೇ ಬದಲಿಸಬೇಕಾಯಿತು. 1978ರಿಂದ 1995ರವರೆಗೆ ಬಳಕೆಯಲ್ಲಿದ್ದ ಪಾಲಿಬ್ಯುಟಿಲೀನ್ ನೀರಿನ ಪೈಪು ಇನ್ನೊಂದು ತಲೆನೋವು. ಸಿಂಕಿನ ಕೆಳಗೆ ಟಾರ್ಚ್ ಹಾಕಿದಾಗ ಬೂದುಬಣ್ಣದ, ಬಳುಕುವ ಪ್ಲಾಸ್ಟಿಕ್ ಪೈಪು ಕಂಡರೆ ಇನ್‌ಸ್ಪೆಕ್ಟರಿಗೆ ತೋರಿಸಲೇಬೇಕು.

ಹಿಮ ತೆಗೆಯುವುದು, ಬೀದಿದೀಪ, ಕಸ ಸಾಗಣೆ ಈ ಮೂರನ್ನು ಊರಿನ ಆಡಳಿತ ಕಾಂಡೊಗಳಿಗೂ ಒದಗಿಸಬೇಕು, ಇಲ್ಲವೇ ಅದರ ಖರ್ಚು ಕೊಡಬೇಕೆಂದು ರಾಜ್ಯದ ಕಾನೂನು ಹೇಳುತ್ತದೆ. ಆದರೆ ಹಿಮದ ಮಾತು ಒಳರಸ್ತೆಗಷ್ಟೇ. ಕಾರು ನಿಲ್ಲಿಸುವ ಜಾಗ, ಬಾಗಿಲಿಗೆ ಬರುವ ಕಾಲುದಾರಿ ಅಸೋಸಿಯೇಷನ್ನಿನ ಪಾಲು.

ಊರಿನಿಂದ ಅಪ್ಪ ಅಮ್ಮ ಬಂದು ತಿಂಗಳುಗಟ್ಟಲೆ ಇರುವ ಮನೆಗಳಲ್ಲಿ ಈ ಕಾಲುದಾರಿಯೇ ದೊಡ್ಡ ವಿಷಯ. ಕಾರು ಓಡಿಸದ ಅವರಿಗೆ ನಡೆದು ಹೋಗಲು ಒಂದು ಪಾರ್ಕು, ಒಂದು ಲೈಬ್ರರಿ, ಮಾತಿಗೆ ಸಿಗುವ ನಾಲ್ಕು ಜನ ಇದ್ದರೆ ಸಂಜೆ ಕಳೆಯುತ್ತದೆ. ಎರಡನೇ ಮಹಡಿಯ ಮೆಟ್ಟಿಲು ಮೊಣಕಾಲಿಗೆ ಆಗುವಂಥದ್ದೇ ಎಂದೂ ನೋಡಬೇಕು. ಒಲೆಯ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ದೂಡುತ್ತದೆಯೇ ಎಂದು ಅಲ್ಲೇ ಪರೀಕ್ಷಿಸಬಹುದು. ಎಷ್ಟೋ ಕಾಂಡೊಗಳಲ್ಲಿ ಅದು ಗಾಳಿಯನ್ನು ಸೋಸಿ ಒಳಕ್ಕೇ ಬಿಡುತ್ತದೆ. ಫ್ಯಾನ್ ಹಾಕಿ ಅದರ ಮೇಲಂಚಿಗೆ ಕೈ ಹಿಡಿದಾಗ ಗಾಳಿ ತಾಗಿದರೆ, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಮನೆಯಲ್ಲೇ ಉಳಿಯುತ್ತದೆಂದು ಅರ್ಥ. ಹೊರಗೋಡೆ ಎಲ್ಲರ ಆಸ್ತಿಯಾದ್ದರಿಂದ ಅದಕ್ಕೊಂದು ತೂತು ಕೊರೆಯಲೂ ಅಸೋಸಿಯೇಷನ್ನಿನ ಒಪ್ಪಿಗೆ ಬೇಕು.

ನೀರಿನ ಭಯವೂ ಇದೆ. 2021ರ ಸೆಪ್ಟೆಂಬರಿನಲ್ಲಿ ‘ಐಡಾ’ ಚಂಡಮಾರುತದ ಮಳೆಗೆ ನ್ಯೂಜೆರ್ಸಿಯ ಹಲವು ಊರುಗಳು ಮುಳುಗಿದವು. 2024ರ ಮಾರ್ಚಿನಿಂದ, ಮನೆಗೆ ಪ್ರವಾಹದ ನೀರು ನುಗ್ಗಿದ್ದು ಗೊತ್ತಿದ್ದರೆ ಮಾರುವವರು ಅದನ್ನು ಬರಹದಲ್ಲಿ ತಿಳಿಸಬೇಕೆಂಬ ನಿಯಮ ಬಂದಿದೆ.

ಏಜೆಂಟರು ಬರೆದ ಮಾರಾಟದ ಕರಾರಿಗೆ ಕೊಳ್ಳುವವರೂ ಮಾರುವವರೂ ಸಹಿ ಹಾಕಿ ಪ್ರತಿ ಪಡೆದ ಮೇಲೆ, ವಕೀಲರು ಅದನ್ನು ತಿದ್ದಿಸಲು ಅಥವಾ ತಳ್ಳಿಹಾಕಲು ಮೂರು ಕೆಲಸದ ದಿನಗಳ ಅವಕಾಶವಿದೆ. ಮೀಸಲು ನಿಧಿಯ ವರದಿ, ಬಜೆಟ್, ಅಸೋಸಿಯೇಷನ್ ಸಭೆಗಳ ಎರಡು ವರ್ಷದ ನಡಾವಳಿ ಇವು ಬೇಕೆಂದು ಕರಾರಿನಲ್ಲೇ ಷರತ್ತು ಸೇರಿಸಿಕೊಳ್ಳಬೇಕಾದದ್ದು ಆ ಮೂರು ದಿನಗಳಲ್ಲಿ. ಮೂರನೇ ಕಟ್ಟಡದ ಚಾವಣಿ ಸೋರುತ್ತಿರುವುದು, ಬಾಕಿ ಉಳಿಸಿಕೊಂಡವರು ಎಷ್ಟು ಮಂದಿ, ಯಾವ ಕಾಂಟ್ರ್ಯಾಕ್ಟರ್ ಜೊತೆ ಕೋರ್ಟಿನಲ್ಲಿ ವ್ಯಾಜ್ಯವಿದೆ ಎಂಬುದೆಲ್ಲ ಬರೆದಿರುವುದು ಆ ನಡಾವಳಿಯಲ್ಲೇ.